ಲಿವರ್‌ಪೂಲಿನ ತಾರು ಮತ್ತು ನಮ್ಮ ಎರೆಹೊಲ



ಹದಿನೈದು ದಿನಗಳ ಹಿಂದೆ ಸಿಂಧನೂರಿನಿಂದ ನನಗೊಂದು ದೂರವಾಣಿ ಕರೆ ಬಂದಿತು. ಮಾತನಾಡಿದವನು ನನ್ನ ಹಳೆಯ ವಿದ್ಯಾರ್ಥಿ. ಹೆಸರು ಬೇಡ, ಅವನ ಜೊತೆ ಓದಿದವರಿಗೆ ಊಹಿಸುವುದು ಕಷ್ಟವಾಗಲಾರದು. ಎಡದಂಡೆ ಕಾಲುವೆಯ ಕೆಳಗೆ ಅವನಿಗೆ ಗದ್ದೆ ಇದೆ, ಪಾಲುದಾರಿಕೆಯಲ್ಲಿ ಒಂದು ಸಣ್ಣ ಅಕ್ಕಿ ಗಿರಣಿ ಇದೆ. ತಮ್ಮ ಸೋನಾ ಮಸೂರಿ ಅಕ್ಕಿಯನ್ನು ಯೂರೋಪಿಗೆ ಕಳಿಸಬೇಕೆಂಬುದು ಅವನ ಬಹುದಿನದ ಆಸೆ. ಅಲ್ಲಿ ನೆಲೆಸಿರುವ ನಮ್ಮವರು ತಿನ್ನುವ ಅಕ್ಕಿಯನ್ನು ನಾವೇ ಏಕೆ ಕಳಿಸಬಾರದು ಎಂಬುದು ಅವನ ಪ್ರಶ್ನೆ. ಮಧ್ಯವರ್ತಿಯೊಬ್ಬರ ಮೂಲಕ ಮಾದರಿ ಅಕ್ಕಿಯನ್ನು ಪ್ರಯೋಗಾಲಯಕ್ಕೆ ಕಳಿಸಿದ್ದ. ಅದು ತಿರಸ್ಕೃತವಾಯಿತು. ಕಾರಣ, ಬೆಂಕಿ ರೋಗಕ್ಕೆಂದು ಸಿಂಪಡಿಸಿದ ಟ್ರೈಸೈಕ್ಲಜೋಲ್ ಎಂಬ ಔಷಧದ ಅಂಶ ಅಕ್ಕಿಯಲ್ಲಿ ಉಳಿದಿತ್ತು.

"ಸರ್, ಸಾವಿರಾರು ಮೈಲಿ ಆಚೆ ಕುಂತವ್ರು ನನ್ನ ಗದ್ದಿಗೆ ಏನು ಹೊಡಿಬೇಕು, ಏನು ಹೊಡಿಬಾರ್ದು ಅಂತ ಹೇಳ್ತಾರಂದ್ರ ಹೆಂಗ್ರಿ? ನಮ್ಮ ಕಡೆ ಯಾರಿಗಾದ್ರೂ ಹಿಂದ ಹಿಂಗ ಆಗಿತ್ತೇನ್ರಿ?" ಎಂದು ಕೇಳಿದ. ಮುಂದುವರಿದು, ಅಪ್ಪನ ಹೆಸರಿನಲ್ಲಿರುವ ಐದು ಎಕರೆಯನ್ನು ಅಡವಿಟ್ಟು ಇನ್ನೊಮ್ಮೆ ದೊಡ್ಡದಾಗಿಯೇ ಪ್ರಯತ್ನಿಸಬೇಕೆಂದಿದ್ದೇನೆ ಎಂದೂ ಹೇಳಿದ.

ನಾನು ಕೂಡಲೇ ಉತ್ತರಿಸಲಿಲ್ಲ. "ಎಂಟು ದಿನ ತಡಿ, ಬರೆದು ಹೇಳುತ್ತೇನೆ" ಎಂದೆ. ಅವನ ಪ್ರಶ್ನೆಗೆ ಉತ್ತರ ಇತ್ತು. ಅದನ್ನು ಅವನಿಗೆ ನಾನು ತರಗತಿಯಲ್ಲಿಯೇ ಹೇಳಬೇಕಾಗಿತ್ತು, ಹೇಳಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನ ಬೋಧಿಸಿದೆ. ಅಮೆರಿಕದ ಅಂತರ್ಯುದ್ಧದ ಪಾಠ ಬಂದಾಗಲೆಲ್ಲ 1861, 1865 ಎಂದು ಕಪ್ಪು ಹಲಗೆಯ ಮೇಲೆ ಬರೆದೆ. ಲಿಂಕನ್ ಎಂದೆ, ಗುಲಾಮಗಿರಿ ಎಂದೆ. ಕಿಟಕಿಯ ಆಚೆ ಎರೆಹೊಲದಲ್ಲಿ ಹತ್ತಿ ಅರಳಿ ನಿಂತಿರುತ್ತಿತ್ತು. ಆ ಯುದ್ಧಕ್ಕೂ ಈ ಹೊಲಕ್ಕೂ ಇದ್ದ ಸಂಬಂಧವನ್ನು ಒಂದು ದಿನವೂ ಹೇಳಲಿಲ್ಲ. ಪಠ್ಯದಲ್ಲಿ ಇರಲಿಲ್ಲ ಎಂಬುದು ನೆಪವಾದೀತೇ ಹೊರತು ಉತ್ತರವಾಗದು. ಆದ್ದರಿಂದ ಈ ಲೇಖನವನ್ನು ತಡವಾಗಿ ಬಂದ ಪಾಠವೆಂದೇ ತಿಳಿಯಿರಿ.

ಎರಡು ಹೊಳೆಗಳ ನಡುವಿನ ನೆಲ

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ಕೃಷ್ಣಾ-ತುಂಗಭದ್ರೆಯರ ನಡುವಿನ ರಾಯಚೂರು ದೋಆಬದಲ್ಲಿವೆ. ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿಗಳೂ ಬಿಜಾಪುರದವರೂ ಕಾದಾಡಿದ್ದು ನಿಮಗೆ ಗೊತ್ತು. ಕೋಟೆಗಳ ಕಥೆಯನ್ನು ನಾನು ಬೇಕಾದಷ್ಟು ಹೇಳಿದ್ದೇನೆ. ಕೋಟೆಯ ಸುತ್ತಲಿನ ಕಪ್ಪು ಮಣ್ಣಿನ ಕಥೆಯನ್ನು ಹೇಳಲಿಲ್ಲ. ಕಾಲುವೆ ಬರುವ ಮುನ್ನ ಇದು ಜೋಳ ಮತ್ತು ಹತ್ತಿಯ ಸೀಮೆ. ಜೋಳ ಮನೆಗೆ, ಹತ್ತಿ ಪೇಟೆಗೆ. ರೊಕ್ಕದ ಮುಖ ಕಾಣಿಸುತ್ತಿದ್ದುದು ಹತ್ತಿಯೇ.

ಹತ್ತೊಂಬತ್ತನೆಯ ಶತಮಾನದ ನಡುವಿಗೆ ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತ ಜಗತ್ತಿಗೆಲ್ಲ ಬಟ್ಟೆ ನೇಯುತ್ತಿತ್ತು. ಹತ್ತಿ ಲಿವರ್‌ಪೂಲ್ ಬಂದರಿಗೆ ಇಳಿದು ಮ್ಯಾಂಚೆಸ್ಟರಿನ ಸುತ್ತಲಿನ ಗಿರಣಿಗಳಿಗೆ ಹೋಗುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರ ದುಡಿಮೆಯಿಂದ ಬೆಳೆದದ್ದು. ಒಂದೇ ದೇಶವನ್ನು ನಂಬಿ ಕುಳಿತರೆ ಅಪಾಯವೆಂದು ಗಿರಣಿ ಮಾಲೀಕರಿಗೆ ಮೊದಲೇ ಅನ್ನಿಸಿತ್ತು. ಅವರ ಕಣ್ಣು ಹಿಂದುಸ್ತಾನದ ಎರೆನೆಲದ ಮೇಲೆ ಬಿದ್ದಿತು. 1840ರ ದಶಕದಲ್ಲಿಯೇ ಧಾರವಾಡ ಸೀಮೆಯಲ್ಲಿ ಅಮೆರಿಕದ ಬೀಜ ತಂದು ಬಿತ್ತಿಸಿ, ಬೀಜ ಬಿಡಿಸಲು ಹಲ್ಲುಚಕ್ರದ ಜಿನ್ನುಗಳನ್ನೂ ತರಿಸಿದ್ದರು.

ನಮ್ಮ ದೋಆಬದ ವಿಷಯದಲ್ಲಿ ಒಂದು ವಿಚಿತ್ರ ನಡೆಯಿತು. ನಿಜಾಮರು ಹೈದರಾಬಾದ್ ಕಾಂಟಿಂಜೆಂಟ್ ಎಂಬ ಸೈನ್ಯದ ವೆಚ್ಚ ಕೊಡದೆ ಸಾಲ ಬೆಳೆದಾಗ, 1853ರ ಒಪ್ಪಂದದಂತೆ ಬೇರಾರ್ ಮತ್ತು ನಳದುರ್ಗದ ಜೊತೆಗೆ ರಾಯಚೂರು ದೋಆಬವನ್ನೂ ಕಂಪನಿ ಸರ್ಕಾರಕ್ಕೆ ವಹಿಸಬೇಕಾಯಿತು. ಬೇರಾರ್ ಕೂಡ ಹತ್ತಿಯ ನೆಲವೇ ಎಂಬುದನ್ನು ಮರೆಯಬೇಡಿ. ನಾವಿಂದಿಗೂ ಲಿಂಗಸುಗೂರು ಛಾವಣಿ ಎನ್ನುತ್ತೇವಲ್ಲ, ಆ ಛಾವಣಿ ಇದೇ ಸೈನ್ಯದ್ದು. ಏಳು ವರ್ಷಗಳ ಅನಂತರ, 1857ರ ದಂಗೆಯಲ್ಲಿ ನಿಷ್ಠರಾಗಿದ್ದರೆಂದು, 1860ರಲ್ಲಿ ದೋಆಬವನ್ನು ನಿಜಾಮರಿಗೆ ಮರಳಿಸಿದರು. ಅದರ ಮರುವರ್ಷವೇ ಅಮೆರಿಕದಲ್ಲಿ ಯುದ್ಧ ಹೊತ್ತಿಕೊಂಡಿತು.

ನಾಲ್ಕು ವರ್ಷಗಳ ಸುಗ್ಗಿ

ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುತ್ತಿದ್ದರಿಂದ ಲಿವರ್‌ಪೂಲಿಗೆ ಹತ್ತಿ ಬರುವುದು ನಿಂತಿತು. ಲ್ಯಾಂಕಾಷೈರಿನ ಗಿರಣಿಗಳು ಮುಚ್ಚಿದವು, ಲಕ್ಷಾಂತರ ಕೂಲಿಗಳು ಬೀದಿಗೆ ಬಿದ್ದರು. ಆ ಕಾಲಕ್ಕೆ ಅಲ್ಲಿ ಹತ್ತಿಯ ಕ್ಷಾಮವೆಂದೇ ಹೆಸರಾಯಿತು. ಆ ಹಸಿವಿನ ನಡುವೆಯೂ 1862ರ ಕೊನೆಯ ದಿನ ಮ್ಯಾಂಚೆಸ್ಟರಿನ ಕೆಲಸಗಾರರು ಸಭೆ ಸೇರಿ, ಗುಲಾಮರ ಬಿಡುಗಡೆಯನ್ನು ಬೆಂಬಲಿಸಿ ಲಿಂಕನ್ನರಿಗೆ ಪತ್ರ ಬರೆದರು. ಲಿಂಕನ್ನರು 1863ರ ಜನವರಿಯಲ್ಲಿ ಕೃತಜ್ಞತೆಯಿಂದ ಉತ್ತರಿಸಿದರು. ದೂರದ ಪೇಟೆಯಲ್ಲಿ ಇರುವವರೆಲ್ಲರೂ ವ್ಯಾಪಾರಿಗಳಲ್ಲ, ನಮ್ಮಂತೆ ಕೂಲಿ ಮಾಡಿ ಉಣ್ಣುವವರೂ ಇದ್ದಾರೆ ಎಂಬುದಕ್ಕೆ ಇದೊಂದು ಸಾಕ್ಷಿ.

ಇತ್ತ ಮುಂಬಯಿಯಲ್ಲಿ ಹತ್ತಿಯ ದರ ಕೆಲವೇ ವರ್ಷಗಳಲ್ಲಿ ನಾಲ್ಕು ಪಟ್ಟು ಏರಿತು. ಎರೆನೆಲದ ರೈತರು ಬಂಡಿಯ ಗಾಲಿಗಳಿಗೆ ಬೆಳ್ಳಿಯ ಪಟ್ಟಿ ಹಾಕಿಸಿದರೆಂಬ ಕಥೆಗಳು ಅಂದಿನ ಅಧಿಕಾರಿಗಳ ವರದಿಗಳವರೆಗೂ ಹೋದವು. ಹತ್ತಿಗಾಗಿ ನಕ್ಷೆಗಳೇ ಬದಲಾದವು. ಹುಬ್ಬಳ್ಳಿ-ಧಾರವಾಡದ ಹತ್ತಿ ಎತ್ತುಗಳ ಬೆನ್ನ ಮೇಲೆ ಮತ್ತು ಬಂಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರು ಸೇರುತ್ತಿತ್ತು. ಅದರಿಂದಲೇ ಆ ಹತ್ತಿಗೆ ಪರದೇಶದಲ್ಲಿ ‘ಕುಮ್ಟಾ’ ಎಂಬ ಹೆಸರು. ಹತ್ತಿಯ ನಾಡು ಮುಂಬಯಿ ಪ್ರಾಂತದಲ್ಲಿ, ಬಂದರು ಮದರಾಸು ಪ್ರಾಂತದಲ್ಲಿ ಇದ್ದದ್ದು ಮ್ಯಾಂಚೆಸ್ಟರಿನವರಿಗೆ ಅಡ್ಡಿಯಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಳಚಿ ಮುಂಬಯಿಗೆ ಸೇರಿಸಿದರು. ಉತ್ತರ ಮತ್ತು ದಕ್ಷಿಣ ಕನ್ನಡಗಳೆಂಬ ಎರಡು ಪ್ರಾಂತಗಳ ಭಿನ್ನ ದಾರಿಗೆ ಹತ್ತಿಯ ಒತ್ತಾಯವೇ ಒಂದು ಮುಖ್ಯ ಕಾರಣ. ಮ್ಯಾಂಚೆಸ್ಟರಿನ ಒಂದು ಕಂಪನಿ ಸದಾಶಿವಗಡಕ್ಕೆ ಯಂತ್ರಗಳನ್ನೇ ಹಡಗಿನಲ್ಲಿ ಕಳಿಸಿತು. ಇಳಿಸಲು ಧಕ್ಕೆಯೇ ಸಿದ್ಧವಾಗಿರಲಿಲ್ಲ!

ಬೆಲೆ ಏರಿದಾಗ ಆಸೆಯೂ ಏರುತ್ತದೆ. ಅರಳೆಯಲ್ಲಿ ಬೀಜ, ಮಣ್ಣು, ಎಲೆ ಸೇರಿಸುವುದು, ತೂಕ ಹೆಚ್ಚಲೆಂದು ನೀರು ಚಿಮುಕಿಸುವುದು, ಮೇಲೆ ಒಳ್ಳೆಯ ಹತ್ತಿಯಿಟ್ಟು ಒಳಗೆ ಕಸ ತುಂಬುವುದು ಹೆಚ್ಚಿತು. ಇದನ್ನೆಲ್ಲ ರೈತನೇ ಮಾಡಿದನೆಂದು ಹೇಳಲಾಗದು. ಹೊಲದಿಂದ ಹಡಗಿನವರೆಗೆ ಹತ್ತಿ ಹಾಯ್ದ ಕೈಗಳು ಹಲವು. ಇದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ಕಲಬೆರಕೆಯ ವಿರುದ್ಧ ಕಾಯ್ದೆಯನ್ನೇ ಮಾಡಿತು. ಲ್ಯಾಂಕಾಷೈರಿನಲ್ಲಿ ಹಿಂದುಸ್ತಾನದ ಹತ್ತಿಗೆಲ್ಲ ‘ಸೂರತ್’ ಎಂದೇ ಹೆಸರು. ಎಳೆ ಗಿಡ್ಡ, ಕಸ ಹೆಚ್ಚು. ಮಗ್ಗದ ಮುಂದೆ ನಿಂತವನಿಗೆ ದಿನವೆಲ್ಲ ಎಳೆ ಜೋಡಿಸುವುದೇ ಕೆಲಸ, ಕೂಲಿ ಮಾತ್ರ ಅರ್ಧ. ಪ್ರಾರ್ಥನಾ ಸಭೆಯೊಂದರಲ್ಲಿ ಪಾದ್ರಿ ಹತ್ತಿ ಕಳಿಸಪ್ಪಾ ಎಂದು ದೇವರನ್ನು ಬೇಡಿಕೊಂಡಾಗ, ಸೂರತ್ ಮಾತ್ರ ಬೇಡ ಎಂದು ಹಿಂದಿನಿಂದ ಯಾರೋ ಸೇರಿಸಿದರೆಂಬ ಕಥೆ ಅಲ್ಲಿ ಇಂದಿಗೂ ಪ್ರಚಲಿತ. ಕಳಪೆ ವಸ್ತುವಿಗೆಲ್ಲ ‘ಸೂರತ್’ ಎಂಬುದೇ ಬೈಗುಳವಾಯಿತು. ಪ್ರಾಮಾಣಿಕವಾಗಿ ಬಿಡಿಸಿ, ಒಣಗಿಸಿ ಕಳಿಸಿದವನ ಹತ್ತಿಯೂ ಆ ಒಂದೇ ಹೆಸರಿನಡಿ ಸೇರಿಹೋಯಿತು.

ಈ ಸುಗ್ಗಿಯಲ್ಲಿ ಅತ್ತವರೂ ಇದ್ದರು. ಅವರು ನಮ್ಮ ನೇಕಾರರು. ನೂಲು ಕೈಗೆಟುಕದಷ್ಟು ತುಟ್ಟಿಯಾಗಿ ಅನೇಕರ ಮಗ್ಗಗಳು ನಿಂತವು. ಒಂದೇ ಹತ್ತಿಯ ಸಲುವಾಗಿ ಮ್ಯಾಂಚೆಸ್ಟರಿನ ನೇಕಾರನೂ ನಮ್ಮ ನೇಕಾರನೂ ಒಂದೇ ವರ್ಷ ಹಸಿದದ್ದು ಯಾವ ಪಠ್ಯಪುಸ್ತಕದಲ್ಲಿಯೂ ಒಂದೇ ಪುಟದಲ್ಲಿ ಬರಲಿಲ್ಲ.

ಇಳಿದ ದರ, ಇಳಿಯದ ಸಾಲ

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ. ಸುದ್ದಿ ಮುಂಬಯಿಗೆ ತಲುಪಿದೊಡನೆ ಹತ್ತಿಯ ದರ ಕುಸಿಯಿತು. ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಗಳ ಪಾಲುಪತ್ರಗಳು ಕಾಗದವಾದವು. ಹತ್ತಿಯ ದೊರೆಯೆನಿಸಿದ್ದ ಪ್ರೇಮಚಂದ್ ರಾಯಚಂದರು ಸೋತರು. ಬ್ಯಾಂಕ್ ಆಫ್ ಬಾಂಬೆಯೂ ಉಳಿಯಲಿಲ್ಲ. ಅವರು ಮೊದಲೇ ಕೊಟ್ಟ ದಾನದಿಂದ ಎದ್ದ ರಾಜಾಬಾಯಿ ಗಡಿಯಾರ ಗೋಪುರ ಇಂದಿಗೂ ಮುಂಬಯಿಯಲ್ಲಿ ನಿಂತಿದೆ. ಮುಂಬಯಿಯ ಸೋಲನ್ನು ಬರೆದಿಡಲು ಪತ್ರಿಕೆಗಳಿದ್ದವು. ಎರೆಹೊಲದವನ ಸೋಲನ್ನು ಬರೆದಿಟ್ಟದ್ದು ಸಾಹುಕಾರನ ಖಾತೆ ಪುಸ್ತಕ ಮಾತ್ರ. ದರ ಏರಿದ ವರ್ಷ ಅದನ್ನು ನಂಬಿ ಮಾಡಿದ ಸಾಲ, ದರ ಇಳಿದ ವರ್ಷ ಇಳಿಯುವುದಿಲ್ಲ. ಹನ್ನೊಂದು ವರ್ಷಗಳ ಅನಂತರ, 1876ರಿಂದ 1878ರವರೆಗೆ, ಹಿರಿಯರು ಧಾತು-ಈಶ್ವರ ಬರವೆಂದು ನೆನೆಯುತ್ತಿದ್ದ ಮಹಾಕ್ಷಾಮ ಬಳ್ಳಾರಿ, ರಾಯಚೂರು, ಲಿಂಗಸುಗೂರು ಸೀಮೆಗಳನ್ನು ಹಿಂಡಿತು. ಹತ್ತಿಯನ್ನು ಮಾರಬಹುದು, ಉಣ್ಣಲಾಗದು.

ಈ ನಡುವೆ ಪೇಟೆ ಹತ್ತಿರವಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. 1870ರಲ್ಲಿ ಕೆಂಪು ಸಮುದ್ರದ ತಳದ ತಂತಿ ಮುಂಬಯಿಯನ್ನು ಲಂಡನ್ನಿಗೆ ಜೋಡಿಸಿತು. 1871ರಲ್ಲಿ ಮುಂಬಯಿಯ ರೈಲು ಮತ್ತು ಮದರಾಸಿನ ರೈಲು ನಮ್ಮ ರಾಯಚೂರಿನಲ್ಲಿಯೇ ಕೂಡಿದವು. ಮಾಲು ಬೇಗ ಹೋಗತೊಡಗಿತು, ದರ ಅದಕ್ಕಿಂತಲೂ ಬೇಗ ಬರತೊಡಗಿತು.

ನನ್ನ ಅಜ್ಜ ಮಸ್ಕಿಯ ಕಡೆಯ ಒಂದು ಹಳ್ಳಿಯಿಂದ ಬಂಡಿಯಲ್ಲಿ ಹತ್ತಿಯ ಅಂಡಿಗೆ ಹೇರಿಕೊಂಡು ರಾಯಚೂರಿಗೆ ಹೋಗುತ್ತಿದ್ದ. ಅಡತಿ ಅಂಗಡಿಯ ಮುಂದೆ ದಲಾಲ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾಡುತ್ತಿದ್ದನಂತೆ. "ಏನ್ ಮಾಡ್ಲಿ ಗೌಡ್ರ, ತಾರು ಬಂದೈತಿ, ದರ ಇಳದೈತಿ" ಎಂಬುದು ಅಲ್ಲಿನ ಮಾಮೂಲಿ ಮಾತು. ತಾರೆಂದರೆ ಟೆಲಿಗ್ರಾಂ. ಚಿಕ್ಕವನಾಗಿದ್ದ ನಾನು ತಾರು ಎಂದರೆ ಯಾರೋ ಕಠಿಣ ಹೃದಯದ ಸಾಹುಕಾರನಿರಬೇಕೆಂದು ಬಹುದಿನ ನಂಬಿದ್ದೆ. ಈಗ ಯೋಚಿಸಿದರೆ ಅದು ಅಷ್ಟೇನೂ ತಪ್ಪಲ್ಲ. ರಾಯಚೂರಿನ ತಾರು ಮುಂಬಯಿಯದು, ಮುಂಬಯಿಯದು ಲಿವರ್‌ಪೂಲ್ ಮತ್ತು ನ್ಯೂಯಾರ್ಕಿನದು. ಆ ಸಾಹುಕಾರನ ಮುಖವನ್ನು ಅಜ್ಜ ಎಂದೂ ಕಾಣಲಿಲ್ಲ.

ಅಜ್ಜನ ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದು ಅಡತಿ ಪಟ್ಟಿ ಉಳಿದಿದೆ. ತೂಕ, ದರ, ಸೂಟು, ಹಮಾಲಿ, ದಲಾಲಿ, ಧರ್ಮಾದಾಯ ಎಲ್ಲ ಕಳೆದು ಉಳಿದ ಹಾಲಿ ಸಿಕ್ಕಾ ರೂಪಾಯಿಗಳ ಲೆಕ್ಕ. ಮಾಲು ಎಂಬಲ್ಲಿ ಬರೀ ಹತ್ತಿ ಎಂದಿದೆ. ಊರಿನ ಹೆಸರಿಲ್ಲ. ಅಲ್ಲಿಂದ ಮುಂದೆ ಬಳ್ಳಾರಿ-ರಾಯಚೂರು ಸೀಮೆಯ ಹತ್ತಿಗೆ ಪೇಟೆಯಲ್ಲಿ ‘ವೆಸ್ಟರ್ನ್ಸ್’ ಎಂಬ ಹೆಸರು. ಪಡುವಣದ್ದು ಎಂದರ್ಥ. ಯಾರಿಗೆ ಪಡುವಣ? ಮದರಾಸಿನಲ್ಲಿ ಕುಳಿತವರಿಗೆ!

ಹೊನ್ನು ಮತ್ತು ಹೆಸರು

ಹೆಸರಿನ ಮಾತು ಬಂದದ್ದರಿಂದ ಲಿಂಗಸುಗೂರು ತಾಲ್ಲೂಕಿನ ಹೊನ್ನಿನ ವಿಷಯವನ್ನೂ ಹೇಳಿಬಿಡುತ್ತೇನೆ. ಹಟ್ಟಿಯಲ್ಲಿ ಪ್ರಾಚೀನರು ಬೆಂಕಿ ಮತ್ತು ನೀರಿನಿಂದ ಬಂಡೆ ಸೀಳಿ ನೂರಾರು ಅಡಿ ಆಳಕ್ಕೆ ಇಳಿದಿದ್ದರು. 1880ರ ದಶಕದಲ್ಲಿ ನಿಜಾಮ ಸೀಮೆಯ ಗಣಿಗಳ ಹಕ್ಕು ಲಂಡನ್ನಿನ ಒಂದು ಕಂಪನಿಗೆ ಹೋಯಿತು. ಒಂದು ಲಕ್ಷ ಪಾಲುಗಳಲ್ಲಿ 85,000 ಪಾಲುಗಳನ್ನು ಪ್ರವರ್ತಕರು ಹಣ ಕೊಡದೆಯೇ ಇಟ್ಟುಕೊಂಡಿದ್ದರು. ನಿಜಾಮ ಸರ್ಕಾರದ ಹಣದಿಂದ ಅಂಥ ಪಾಲುಗಳನ್ನೇ ಹೆಚ್ಚಿನ ಬೆಲೆಗೆ ಕೊಂಡದ್ದು ಬಯಲಾಗಿ, 1888ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೇ ವಿಚಾರಣೆ ನಡೆಸಬೇಕಾಯಿತು. ನಮ್ಮ ನೆಲದಿಂದ ಹೊನ್ನು ಹೊರಬರುವ ಮೊದಲೇ ಅದರ ಹೆಸರಿನ ಕಾಗದ ಲಂಡನ್ನಿನ ಪೇಟೆಯಲ್ಲಿ ಕೈ ಬದಲಾಯಿಸಿತ್ತು.

ಇದೇ ಹೊನ್ನಿನ ಹುಡುಕಾಟದಲ್ಲಿ ತಿರುಗುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ 1915ರಲ್ಲಿ ಮಸ್ಕಿಯ ಬಂಡೆಯ ಮೇಲಿನ ಅಕ್ಷರಗಳನ್ನು ಕಂಡ. ಅದುವರೆಗೆ ಶಾಸನಗಳಲ್ಲಿ ದೇವಾನಾಂಪ್ರಿಯನೆಂಬಂಥ ಬಿರುದುಗಳಿಂದಷ್ಟೇ ದೊರೆತಿದ್ದ ಚಕ್ರವರ್ತಿಗೆ ಅಶೋಕನೆಂಬ ಹೆಸರನ್ನು ಕೊಟ್ಟದ್ದು ನಮ್ಮ ಮಸ್ಕಿಯ ಬಂಡೆ. ನಿಮ್ಮಲ್ಲಿ ಎಷ್ಟೋ ಜನರನ್ನು ಅಲ್ಲಿಗೆ ಕರೆದೊಯ್ದು ತೋರಿಸಿದ್ದೇನೆ. ಚಕ್ರವರ್ತಿಯ ಹೆಸರನ್ನು ಉಳಿಸಿದ ಊರು ತನ್ನ ಹತ್ತಿಯ ಮೇಲೆ ತನ್ನ ಹೆಸರನ್ನು ಬರೆಯಲಾಗಲಿಲ್ಲವಲ್ಲ ಎಂದು ಈಚೆಗೆ ಅನ್ನಿಸುತ್ತಿದೆ.

ಇಂದಿನ ಅಕ್ಕಿ

1953ರಲ್ಲಿ ತುಂಗಭದ್ರೆಯ ನೀರು ಹರಿಯಿತು. ಎಡದಂಡೆ ಕಾಲುವೆಯನ್ನು ಯೋಜಿಸಿದವರು ಹೆಚ್ಚಾಗಿ ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗಳನ್ನು ನೆನೆದಿದ್ದರು. ಆಂಧ್ರದ ಕರಾವಳಿಯಿಂದ ಬಂದವರು ಕ್ಯಾಂಪುಗಳನ್ನು ಕಟ್ಟಿ ಭತ್ತ ನಾಟಿ ಮಾಡಿದರು. ನಮ್ಮವರು ನೋಡಿ ಕಲಿತರು. ಸಿಂಧನೂರು ಭತ್ತದ ಊರಾಯಿತು. ರಾಯಚೂರಿಗೆ ರೈಲು ಬಂದ 153 ವರ್ಷಗಳ ಮೇಲೆ, 2024ರಲ್ಲಿ, ಸಿಂಧನೂರಿಗೂ ರೈಲು ಬಂದಿತು.

ಬೆಳೆ ಬದಲಾಯಿತು, ಪೇಟೆಯ ಸ್ವಭಾವ ಬದಲಾಗಲಿಲ್ಲ. ಯೂರೋಪ್ ಒಕ್ಕೂಟ 2017ರಲ್ಲಿ ಅಕ್ಕಿಯಲ್ಲಿರಬಹುದಾದ ಟ್ರೈಸೈಕ್ಲಜೋಲ್‌ನ ಮಿತಿಯನ್ನು ಕಿಲೋಗೆ 1 ಮಿಲಿಗ್ರಾಮಿನಿಂದ 0.01 ಮಿಲಿಗ್ರಾಮಿಗೆ, ಅಂದರೆ ನೂರನೆಯ ಒಂದು ಭಾಗಕ್ಕೆ ಇಳಿಸಿತು. ಇತ್ತ ನಮ್ಮ ಸರ್ಕಾರ ಒಳಗಿನ ಬೆಲೆ ಏರೀತೆಂದು 2023ರ ಜುಲೈ 20ರಂದು ಬಾಸುಮತಿಯೇತರ ಬಿಳಿ ಅಕ್ಕಿಯ ರಫ್ತನ್ನೇ ನಿಲ್ಲಿಸಿತು. 2024ರ ಸೆಪ್ಟೆಂಬರ್ ಕೊನೆಗೆ ತೆರವು ಮಾಡಿತು. ಬಾಗಿಲಿನ ಕೀಲಿ ಎರಡು ಕಡೆ ಇದೆ, ಒಂದು ಬ್ರಸೆಲ್ಸಿನಲ್ಲಿ, ಒಂದು ದೆಹಲಿಯಲ್ಲಿ. ಸಿಂಧನೂರಿನಲ್ಲಿ ಒಂದೂ ಇಲ್ಲ.

ಇಷ್ಟನ್ನು ಬರೆದುಕೊಂಡು ನಾನು ಆ ವಿದ್ಯಾರ್ಥಿಗೆ ಕರೆ ಮಾಡಿದೆ. ವ್ಯಾಪಾರದ ವಿಷಯದಲ್ಲಿ ನಾನು ಪಂಡಿತನಲ್ಲ, ಇತಿಹಾಸ ಹೇಳಿದ್ದನ್ನಷ್ಟೇ ಹೇಳಿದೆ. ಮೊದಲನೆಯದು, ಅಪ್ಪನ ನೆಲವನ್ನು ಅಡವಿಡಬೇಡ. ದೂರದ ದರವನ್ನು ನಂಬಿ ಹತ್ತಿರದ ನೆಲವನ್ನು ಒತ್ತೆಯಿಟ್ಟವರು 1865ರಲ್ಲಿ ಎದ್ದೇಳಲಿಲ್ಲ. ಎರಡನೆಯದು, ಅಲ್ಲಿಯವರು ನಮ್ಮ ಮೇಲಿನ ದ್ವೇಷದಿಂದ ಈ ಮಿತಿಯನ್ನು ಹಾಕಿದರೆಂದು ತಿಳಿಯಬೇಡ. ಅವರ ತಟ್ಟೆಯ ಅನ್ನ ಅವರ ಚಿಂತೆ. ಅದೇ ಅಕ್ಕಿಯನ್ನು ನಿನ್ನ ಮಕ್ಕಳೂ ಉಣ್ಣುತ್ತಾರೆ. ಅಂದಿನ ರೈತನಿಗೂ ನಿನಗೂ ಇರುವ ವ್ಯತ್ಯಾಸ ಒಂದೇ. ಅವನಿಗೆ ಕೊಳ್ಳುವವನ ನಿಯಮ ತಿಳಿಯುತ್ತಿರಲಿಲ್ಲ, ನಿನಗೆ ಬಿತ್ತುವ ಮೊದಲೇ ತಿಳಿದಿದೆ. ಗಿರಣಿಯಲ್ಲಿ ಆರಂಭಿಸಬೇಡ, ಸಸಿಮಡಿಯಲ್ಲಿ ಆರಂಭಿಸು. ಮೂರನೆಯದು, ಹತ್ತು ಜನರ ಅಕ್ಕಿಯನ್ನು ಒಂದೇ ರಾಶಿಗೆ ಸುರಿಯಬೇಡ. ಯಾರ ಗದ್ದೆಯದು, ಏನು ಸಿಂಪಡಿಸಿದ್ದು ಎಂದು ಚೀಲದ ಮೇಲೆ ಬರೆ. ಊರಿನ ಹೆಸರು ಬರೆ. ಹೆಸರಿಲ್ಲದ ಮಾಲಿಗೆ ಇನ್ನೊಬ್ಬರ ತಪ್ಪಿನ ದಂಡ ತಪ್ಪದು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸರ್, ಇದನ್ನೆಲ್ಲ ಅವಾಗ್ಲೇ ಕ್ಲಾಸಿನ್ಯಾಗ ಹೇಳಿದ್ರ ಹಿಸ್ಟರಿ ಬಾಯಿಪಾಠ ಮಾಡೋದು ತಪ್ಪತಿತ್ತಲ್ರಿ" ಎಂದು ನಕ್ಕ. ನಾನು ನಗಲಿಲ್ಲ. "ತಪ್ಪಾಯಿತಪ್ಪಾ" ಎಂದೆ. ಶಿಷ್ಯನಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಮೊನ್ನೆ ಅವನೇ ಮತ್ತೆ ಕರೆ ಮಾಡಿದ್ದ. ನೆಲ ಅಡವಿಟ್ಟಿಲ್ಲ. ಆರು ಜನ ರೈತರನ್ನು ಕೂಡಿಸಿಕೊಂಡು ಹನ್ನೆರಡು ಎಕರೆಯಲ್ಲಿ ಆ ಔಷಧವಿಲ್ಲದೆ ಬೆಳೆಯಲು ಹೊರಟಿದ್ದಾನೆ. ಬೆಂಕಿ ರೋಗ ಬಂದರೆ ಏನು ಮಾಡಬೇಕೆಂದು ಕೃಷಿ ವಿಜ್ಞಾನಿಗಳನ್ನು ಕೇಳಲು ರಾಯಚೂರಿಗೆ ಹೋಗಿದ್ದನಂತೆ. ಈ ಬೆಳೆ ಪರೀಕ್ಷೆಯಲ್ಲಿ ಗೆಲ್ಲುವುದೋ ಇಲ್ಲವೋ ಹೇಳಲಾರೆ. ಸುಗ್ಗಿಯಾದ ಮೇಲೆ ಇಲ್ಲಿಯೇ ಬರೆಯುತ್ತೇನೆ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಅಜ್ಜ, ಮುತ್ತಜ್ಜಂದಿರ ಪೆಟ್ಟಿಗೆಗಳಲ್ಲಿ ಹತ್ತಿಯ ಅಡತಿ ಪಟ್ಟಿ, ಸಾಲಪತ್ರ, ಖಾತೆ ಪುಸ್ತಕ ಏನಾದರೂ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಒಂದು ಪೋಟೊ ತೆಗೆದು ನನಗೆ ಕಳಿಸಿ. ಉರ್ದುವಿನಲ್ಲಿದ್ದರೂ ಓದಿಸೋಣ. ಈಗ ಶಾಲೆಯಲ್ಲಿ ಪಾಠ ಹೇಳುತ್ತಿರುವ ನನ್ನ ವಿದ್ಯಾರ್ಥಿಗಳು, ಅಮೆರಿಕದ ಅಂತರ್ಯುದ್ಧದ ಪಾಠ ಬಂದ ದಿನ ಮಕ್ಕಳನ್ನು ಐದು ನಿಮಿಷ ಹೊರಗೆ ಕರೆದೊಯ್ದು ಎರೆಹೊಲವನ್ನು ತೋರಿಸಿರಿ. ನಾನು ಬಿಟ್ಟ ಪಾಠವನ್ನು ನೀವು ಬಿಡಬೇಡಿ.